ಗಾಣಕ್ಕೆ ಬಂದ ಹೆಂಗಸು

ಸದಲಗಾ
ಶನಿವಾರ, ೧೩ ಡಿಸೆಂಬರ್ ೨೦೨೫

ಪ್ರೀತಿಯ ಅವ್ವನಿಗೆ ನಿನ್ನ ಪೂನಮಳ ಜಯ ಜಿನೇಂದ್ರ.

ಮೇಲೆ ಊರಿನ ಹೆಸರು ನೋಡಿಯೇ ನಿನ್ನ ಕೈ ನಿಂತಿರಬೇಕು. ಪತ್ರವನ್ನು ಮಡಚಿ ಹೊಲಿಗೆ ಮಷೀನಿನ ಖಾನೆಯೊಳಗೆ ತುರುಕಬೇಡ, ಕೊನೆಯವರೆಗೆ ಓದು. ನಿಪ್ಪಾಣಿಯಲ್ಲಿ ಸಿನಿಮಾದವರ ಹತ್ತಿರ ಬರೆಯುವ ಕೆಲಸ ಸಿಕ್ಕಿದೆ ಎಂದು ಹೇಳಿ ಬಂದಿದ್ದೆ. ಅದು ಸುಳ್ಳಲ್ಲ, ಆಫೀಸು ನಿಪ್ಪಾಣಿಯಲ್ಲೇ ಇದೆ. ಯಾವ ಸಿನಿಮಾ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅದು ಅಜ್ಜನ ಕಾದಂಬರಿ. ಎರಡು ತಿಂಗಳಿಂದ ನಿನ್ನ ಅಪ್ಪನ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಅದನ್ನು ಚಿತ್ರಕಥೆ ಮಾಡುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನನಗೆ ಬಾಯಿ ಬರುವುದಿಲ್ಲ, ನೀನೋ ಉಂಡಿಯಾ ಎಂದು ಕೇಳಿ ಇಟ್ಟುಬಿಡುತ್ತೀ. ಕಾಗವಾಡದ ಕಡೆ ಹೊರಟ ಲೈಟಿನ ಗಾಡಿಯವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನೀನು ಆ ಪುಸ್ತಕ ಓದಿಲ್ಲ. ನಮಗೆ ತವರಿಲ್ಲ ಎಂದಷ್ಟೇ ಹೇಳಿ ನನ್ನನ್ನು ಬೆಳೆಸಿದೆ. ನಾನು ಅದನ್ನು ಬೆಳಗಾವಿಯಲ್ಲಿ ಎಂ.ಎ. ಓದುವಾಗ ಲೈಬ್ರರಿಯಲ್ಲಿ ಕಂಡು, ನಿನಗೆ ಹೇಳದೆ ಓದಿದೆ. ಭೀಮಗೊಂಡ ಎಂಬ ರೈತ ತನ್ನ ಕಬ್ಬನ್ನು ಕಾರ್ಖಾನೆಗೆ ಕೊಡದೆ ಸ್ವಂತ ಗಾಣ ಹೂಡುತ್ತಾನೆ. ಊರಿನವರು, ಪುಢಾರಿಗಳು, ಬೀಗರು ಎಲ್ಲರೂ ಎದುರಾಗುತ್ತಾರೆ. ಪುಕ್ಕಟೆ ಕೊಡುವವನು ಯಜಮಾನನಾಗುತ್ತಾನೆ, ಪುಕ್ಕಟೆ ತೆಗೆದುಕೊಳ್ಳುವವನು ಆಳಾಗುತ್ತಾನೆ, ದುಡಿದು ತೆಗೆದುಕೊಂಡವನೊಬ್ಬನೇ ಸ್ವತಂತ್ರ ಎನ್ನುವುದು ಅವನ ನಂಬಿಕೆ. ಕ್ಲಾಸಿನಲ್ಲಿ ಎದ್ದು ನಿಂತು ಹೆಸರು ಹೇಳಲೂ ಬೆವರುತ್ತಿದ್ದ ನನಗೆ ಆ ಪುಸ್ತಕ ಬೆನ್ನು ನೆಟ್ಟಗೆ ಮಾಡಿತು. ಇದನ್ನು ನಿನ್ನಿಂದ ಮುಚ್ಚಿಡಲಾರೆ. ಆ ಪುಸ್ತಕ ನನಗೆ ಇಷ್ಟ.

ನಿರ್ದೇಶಕ ವಿಶಾಲ ಇದನ್ನು ಮೂರು ಸಿನಿಮಾ ಮಾಡುತ್ತಾನಂತೆ. ಭೀಮಗೊಂಡನ ಒಂದು ಮಾತನ್ನೂ ಬದಲಿಸಕೂಡದು ಎಂದು ಅಜ್ಜ ಮೊದಲೇ ಒಪ್ಪಿಸಿಕೊಂಡಿದ್ದಾರೆ. ಕುದಿಯುವ ಕೊಪ್ಪರಿಗೆಯ ಮುಂದೆ ಭೀಮಗೊಂಡ ಇಪ್ಪತ್ತು ಪುಟ ಭಾಷಣ ಮಾಡುತ್ತಾನೆ. “ಕಾಕಾ, ಇಷ್ಟ ಮಾತಾಡಿದ್ರ ಬೆಲ್ಲ ಕರಕಾಕ್ಕೈತ್ರಿ” ಎಂದು ವಿಶಾಲ ಕೈ ಮುಗಿದ. “ಬೆಲ್ಲ ಕರಕಾಗಲಿ, ಮಾತು ಮುಗೀಲಿ” ಎಂದರು ಅಜ್ಜ. ಆ ಭಾಷಣವನ್ನು ತುಂಡು ತುಂಡು ಮಾಡಿ, ಕಬ್ಬು ಕಡಿಯುವಾಗ ಒಂದಿಷ್ಟು, ಒಲೆ ಹೊತ್ತಿಸುವಾಗ ಒಂದಿಷ್ಟು ಹಂಚಿದವಳು ನಾನು. ಒಂದು ಮಾತೂ ಬಿಡಲಿಲ್ಲ. ಅಜ್ಜ ಅಂದು ಮೊದಲ ಸಲ ನನ್ನ ತಲೆ ಸವರಿದರು.

ಗುರುವಾರ ಸಮಾಧಾನಣ್ಣನ ಗಾಣದಲ್ಲಿ ಶೂಟಿಂಗ್ ಇತ್ತು. ಅಜ್ಜ ಗಾಣ ನಿಲ್ಲಿಸಿ ಬಹಳ ವರ್ಷವಾಯಿತು. ಅಲ್ಲಿ ಪಳಗಿದ ಸಮಾಧಾನಣ್ಣ ಈಗ ಹೊಳೆಯ ಕಡೆ ತನ್ನದೇ ಗಾಣ ನಡೆಸುತ್ತಾನೆ. ಎರಡನೆಯ ಸಿನಿಮಾದ ದೊಡ್ಡ ದೃಶ್ಯ ಅದು. ಬಿಸಿಲಲ್ಲಿ ನಡೆದು ಬಂದ ಹೆಂಗಸೊಬ್ಬಳು ಒಂದು ಲೋಟ ಕಬ್ಬಿನ ಹಾಲು ಕೇಳುತ್ತಾಳೆ. ಮೊದಲು ಒಲೆಗೆ ಸಿಪ್ಪೆ ಹಾಕು, ಆಮೇಲೆ ಕುಡಿ ಎನ್ನುತ್ತಾನೆ ಭೀಮಗೊಂಡ. ಅವಳು ಮಾತಿಲ್ಲದೆ ತಿರುಗಿ ಹೋಗುತ್ತಾಳೆ. ಸಮಾಧಾನಣ್ಣನದು ಕೊಡ ಹಿಡಿದು ಪಕ್ಕದಲ್ಲಿ ನಿಲ್ಲುವ ಪಾತ್ರ, ಅಷ್ಟೇ. ಗಾಣಕ್ಕೆ ಬಂದವರನ್ನು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ, ನಿನಗೆ ಗೊತ್ತಲ್ಲ. ರಾಯಬಾಗದಿಂದ ಬಂದ ನಾಟಕದ ಹೆಂಗಸು ಕೈ ಚಾಚಿದ್ದೇ ತಡ, ಇವನು ಲೋಟ ತುಂಬಿ ಕೊಟ್ಟೇಬಿಟ್ಟ.

“ಸಮಾಧಾನಣ್ಣಾ, ಕೊಡಬ್ಯಾಡ ಅಂತ ಹೇಳೇನಿಲ್ಲ?” ಎಂದ ವಿಶಾಲ.

“ತಪ್ಪಾತ್ರಿ ಸಾಹೇಬ್ರ. ಕೈ ತಾನ ಹೋಕ್ಕೈತಿ.”

ಮತ್ತೆ ತೆಗೆದರು, ಮತ್ತೆ ಕೊಟ್ಟ. ಮತ್ತೊಮ್ಮೆ ತೆಗೆದಾಗ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದ. ಅವಳ ಮುಖ ನೋಡುತ್ತಲೇ ಕೈ ಬಿಚ್ಚಿಹೋಯಿತು. “ಸಾಕೋ ಯಣ್ಣಾ, ಇನ್ನ ಕುಡದ್ರ ನಾ ಇಲ್ಲೇ ಬೆಲ್ಲ ಆಗತೀನಿ” ಎಂದು ಆ ಹೆಂಗಸು ಕುಳಿತೇಬಿಟ್ಟಳು. ಕ್ಯಾಮೆರಾದವರೂ ನಕ್ಕರು, ನಾನೂ ನಕ್ಕೆ. ಕಡೆಗೆ ಅವನ ಕೈಯಿಂದ ಕೊಡ ಕಸಿದುಕೊಂಡು ದೂರ ನಿಲ್ಲಿಸಿ ದೃಶ್ಯ ತೆಗೆದರು. ಭೀಮಗೊಂಡನ ಪಾತ್ರದ ನಟ ಕಣ್ಣು ಕೆಂಪು ಮಾಡಿ ಗುಡುಗಿದ. ವಿಶಾಲನಿಗೆ ಬಹಳ ಹಿಡಿಸಿತು.

ಆಗ ಕ್ಯಾಮೆರಾದ ಪಕ್ಕ ಕುರ್ಚಿಯಲ್ಲಿದ್ದ ಅಜ್ಜ ಅಂದರು: “ಅಂವ ಯಾಕ ಹಂಗ ಒದರಾಕತ್ತಾನ? ನಾ ಒದರಿರಲಿಲ್ಲ. ನಕ್ಕೊಂತ ಹೇಳಿದ್ದೆ.”

ಇದು ಖರೇನ ನಡೆದದ್ದೇ ಎಂದು ವಿಶಾಲ ಉತ್ಸಾಹದಿಂದ ಅಜ್ಜನ ಕಡೆ ಓಡಿದ. ನಾನು ಸಮಾಧಾನಣ್ಣನನ್ನು ನೋಡಿದೆ. ಅವನು ತಲೆ ತಗ್ಗಿಸಿದ್ದ.

ಊಟದ ಹೊತ್ತಿಗೆ ಅವನ ಹತ್ತಿರ ಹೋಗಿ ಕೇಳಿದೆ. ಹೇಳಲು ಇಷ್ಟವಿರಲಿಲ್ಲ. “ಬಿಡವಾ, ಹಳೇದ” ಎಂದ. ನಾನು ಅಲ್ಲೇ ನಿಂತೆ. ಕಡೆಗೆ ಅವನು ಹೇಳಿದ: “ನಿಮ್ಮವ್ವ, ರಾಜಮತಿ ಅಕ್ಕಾರು ಬಂದಿದ್ರು. ನಿಮ್ಮಪ್ಪಾರು ತೀರಿಕೊಂಡ ವರ್ಷ. ಬಸ್ ಸ್ಟ್ಯಾಂಡಿನಿಂದ ನಡಕೊಂತ ಬಂದಿದ್ರು, ಬಾಯಿ ಒಣಗಿತ್ತು. ಒಂದ ಲೋಟ ಹಾಲು ಕೇಳಿದ್ರು, ಅಷ್ಟ. ಕಾಕಾ ನಕ್ಕು, ಮೊದಲ ಒಲಿಗಿ ಸಿಪ್ಪಿ ಹಾಕವಾ ಅಂದ್ರು. ಅಕ್ಕಾರು ಏನೋ ಅಂದ್ರು. ಗಾಣದ ಸಪ್ಪಳದಾಗ ನನಗ ಕೇಳಸಲಿಲ್ಲ. ಹೊಳ್ಳಿ ಹ್ವಾದ್ರು.” ಇಷ್ಟು ಹೇಳಿ ನನಗೊಂದು ಲೋಟ ತುಂಬಿ ಕೊಟ್ಟ. ಕುಡಿಯಲು ನನ್ನಿಂದಾಗಲಿಲ್ಲ.

ಅವ್ವ, ಆ ಹೆಂಗಸಿನ ದೃಶ್ಯವನ್ನು ನಾನು ನಾಲ್ಕು ಸಲ ತಿದ್ದಿ ಬರೆದಿದ್ದೆ. ಅವಳು ಎಲ್ಲಿ ನಿಲ್ಲಬೇಕು, ಸೆರಗು ಹೇಗೆ ಹಿಡಿಯಬೇಕು ಎಂದೆಲ್ಲ ಬರೆದವಳು ನಾನೇ. ಅವಳು ಯಾರು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಸಂಜೆ, ಹೊತ್ತು ಮುಳುಗುವ ಮುಂಚೆ ಅಜ್ಜ ಉಣ್ಣಲು ಕುಳಿತಾಗ ಕೇಳಿಯೇಬಿಟ್ಟೆ. ಅವರು ರೊಟ್ಟಿ ಮುರಿಯುವುದನ್ನೂ ನಿಲ್ಲಿಸಲಿಲ್ಲ. “ಹೌದು, ನಿಮ್ಮವ್ವನ. ಅದರಾಗ ಮುಚ್ಚಿಡೂದ ಏನೈತಿ? ಅವತ್ತ ಲೋಟ ಕೈಯಾಗ ಕೊಟ್ಟಿದ್ರ, ಇವತ್ತಿಗೂ ಅಕಿ ನನ್ನ ಕಟ್ಟಿ ಮ್ಯಾಲ ಕುಂತಿರತಿದ್ಲು. ಈಗ ಸ್ವಂತ ಮನಿ ಮಾಡ್ಯಾಳು, ನಿನ್ನ ಇಷ್ಟ ಓದಿಸ್ಯಾಳು. ಯಾರ ಮುಂದರ ಕೈ ಒಡ್ಯಾಳೇನು? ಆ ಸೊಕ್ಕ ಕೊಟ್ಟವ ನಾನ.”

“ಅವ್ವ ಏನಂದ್ಲು ಅಜ್ಜಾ?”

“ಏನೂ ಅಂದಿಲ್ಲ. ಹ್ವಾದ್ಲು.”

ನಾನು ಎದ್ದು ಬಂದೆ. ಸಿಟ್ಟು ಬಂದಿತ್ತು ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ನನಗೆ ಹೆದರಿಕೆಯಾಗಿದ್ದು ಅವರು ಹೇಳಿದ್ದರಲ್ಲಿ ಅರ್ಧ ಸರಿ ಎನಿಸಿದ್ದಕ್ಕೆ. ಪಕ್ಕದ ಮನೆಯ ಚನ್ನವ್ವ ಅತ್ತೆ ಹುಗ್ಗಿ ಕೊಟ್ಟು ಕಳಿಸಿದರೆ ನೀನು ಅವತ್ತೇ ಅವಳ ರವಿಕೆ ಹೊಲಿದು ಕೊಡುತ್ತೀ. ಅವಳು ಎಷ್ಟು ಸಲ ಬೇಸರ ಮಾಡಿಕೊಂಡಿಲ್ಲ! “ಏನ ಬೇ ರಾಜಮತಿ, ನಾ ಏನ ಅಂಗಡಿ ಇಟ್ಟೇನೇನು?” ಎಂದು ಬಾಗಿಲಲ್ಲೇ ಜಗಳ ತೆಗೆದಿದ್ದಳು. ಶಾಲೆಗೆ ಹೋಗುವಾಗ ನಾನು ರಿಬ್ಬನ್ ಕೇಳಿದರೆ ನೀನು, ಮೊದಲು ಈ ಅಂಗಿಗಳಿಗೆ ಗುಂಡಿ ಹಚ್ಚು ಎನ್ನುತ್ತಿದ್ದೆ. ನೀನೂ ನಗುತ್ತಲೇ ಹೇಳುತ್ತಿದ್ದೆ. ಆ ಪುಸ್ತಕವನ್ನು ತೆರೆದೇ ನೋಡದ ನೀನು, ಬರೆದವರಿಗಿಂತ ಗಟ್ಟಿಯಾಗಿ ಅದರಂತೆ ಬದುಕಿದೆ. ಅದು ನಿನ್ನ ಗೆಲುವೋ, ಅವರ ಗೆಲುವೋ, ನನಗೆ ತಿಳಿಯುತ್ತಿಲ್ಲ.

ಈಗ ನನ್ನ ಕಷ್ಟ ಕೇಳು. ಮೂರನೆಯ ಸಿನಿಮಾದ ಕೊನೆಯಲ್ಲಿ ಆ ಹೆಂಗಸು ಮರಳಿ ಬರುತ್ತಾಳೆ. ತನ್ನ ಕಾಲ ಮೇಲೆ ನಿಂತಿದ್ದಾಳೆ. ಅವತ್ತು ಇಲ್ಲ ಎಂದದ್ದಕ್ಕೆ ಭೀಮಗೊಂಡನ ಕಾಲು ಮುಟ್ಟಿ ಉಪಕಾರ ನೆನೆಯುತ್ತಾಳೆ. ಪುಸ್ತಕ ಮುಗಿಯುವುದು ಅಲ್ಲಿಗೆ. ಅಲ್ಲಿ ಅವಳ ಮಾತುಗಳಿಲ್ಲ, ನೆನೆದಳು ಎಂದಷ್ಟೇ ಇದೆ. ಆ ಮಾತುಗಳನ್ನು ನಾನು ಬರೆಯಬೇಕು. ಗಾಣ ಸೋಮವಾರದವರೆಗೆ ಮಾತ್ರ ನಮ್ಮ ಕೈಯಲ್ಲಿರುವುದರಿಂದ ಅದನ್ನೂ ಈಗಲೇ ತೆಗೆಯುತ್ತಾರೆ. ನನ್ನಿಂದಾಗದಿದ್ದರೆ ಕೊಲ್ಹಾಪುರದ ಬರಹಗಾರನೊಬ್ಬ ತಯಾರಿದ್ದಾನಂತೆ. ವಿಶಾಲನಿಗೆ ಈಗ ಇನ್ನೊಂದು ಆಸೆ ಹುಟ್ಟಿದೆ. ಸಿನಿಮಾ ಬಿಡುಗಡೆಯಾದಾಗ ನಿನ್ನನ್ನು ವೇದಿಕೆಗೆ ಕರೆಸಿ, ಆ ನಿಜವಾದ ಹೆಂಗಸು ಇವರೇ ಎಂದು ತೋರಿಸಬೇಕಂತೆ. ಅಜ್ಜ ಬೇಡ ಎನ್ನಲಿಲ್ಲ. “ಕಥಿ ನಂದು, ನಾ ಯಾರಿಗೆ ಕೇಳಬೇಕು?” ಎಂದರು. ಅದೊಂದನ್ನು ಆಗಗೊಡುವುದಿಲ್ಲ ಎಂದು ನಾನು ಎಲ್ಲರ ಎದುರು ಹೇಳಿದೆ. ಧ್ವನಿ ನಡುಗಿತು, ಆದರೂ ಹೇಳಿದೆ.

ನಾನು ಕೇಳುವುದು ಇಷ್ಟೇ. ಅವತ್ತು ನೀನು ಏನಂದೆ? ಅಜ್ಜನಿಗೆ ಕೇಳಿಸಿತ್ತೇ, ಅಥವಾ ಕೇಳಿಸಿದ್ದನ್ನು ಅವರು ಪುಸ್ತಕದಿಂದ ತೆಗೆದುಬಿಟ್ಟರೇ? ನಿನ್ನ ಮನಸ್ಸಿನಲ್ಲಿ ಎಲ್ಲಾದರೂ ಉಪಕಾರದ ಮಾತಿದ್ದರೆ ಅದನ್ನೂ ಹೇಳು, ಹಾಗೆಯೇ ಬರೆಯುತ್ತೇನೆ. ಇಲ್ಲದಿದ್ದರೆ ನಿನ್ನ ಬಾಯಲ್ಲಿ ಅದನ್ನು ತುರುಕಲಾರೆ. ವಿಶಾಲನಿಗೆ ಇನ್ನೂ ಏನನ್ನೂ ಬರೆದು ಕೊಟ್ಟಿಲ್ಲ. ನಾಳೆ ಸಂಜೆಯವರೆಗೆ ನಿನ್ನ ಫೋನಿಗಾಗಿ ಕಾಯುತ್ತೇನೆ.

ನಿನ್ನ ಸೊಂಟ ನೋವು ಹೇಗಿದೆ? ಮಷೀನಿನ ಮುಂದೆ ಒಂದೇ ಸಮನೆ ಕೂರಬೇಡ.

ಇಂತು ನಿನ್ನ ಮಗಳು,
ಪೂನಮ

ತಾ.ಕ.: ವಿಶಾಲನಿಗೆ ಏನನ್ನೂ ಕೊಟ್ಟಿಲ್ಲ ಎಂದು ಮೇಲೆ ಬರೆದದ್ದು ನಿಜವಲ್ಲ. ಇವತ್ತು ಬೆಳಿಗ್ಗೆ ಒಂದು ಹಾಳೆ ಕೊಟ್ಟೆ. ಅದರಲ್ಲಿ “ಹೆಂಗಸು ಮಾತಾಡುತ್ತಾಳೆ” ಎಂದಷ್ಟೇ ಇದೆ. ರಾಯಬಾಗದ ಹೆಂಗಸು ಬೇರೆ ಊರಿನಲ್ಲಿ ನಾಟಕವಿದೆಯೆಂದು ಹೋಗಿಬಿಟ್ಟಿದ್ದಾಳೆ. ಸೋಮವಾರ ಮುಖದ ಮೇಲೆ ಸೆರಗು ಎಳೆದುಕೊಂಡು ಅವಳ ಪಾತ್ರದಲ್ಲಿ ನಿಲ್ಲುವವಳು ನಾನು. ಅಜ್ಜ ಕ್ಯಾಮೆರಾದ ಪಕ್ಕ ಕುಳಿತಿರುತ್ತಾರೆ. ಭೀಮಗೊಂಡನ ಮಾತು ಬದಲಿಸಕೂಡದು ಎಂದಷ್ಟೇ ಅವರ ಕರಾರು, ಹೆಂಗಸಿನ ಮಾತಿನ ಬಗ್ಗೆ ಏನೂ ಇಲ್ಲ. ಸಮಾಧಾನಣ್ಣ ಹೇಳಿದ ಒಂದು ಸಂಗತಿಯನ್ನೂ ಮೇಲೆ ಬರೆಯದೆ ಬಿಟ್ಟೆ. ಅವತ್ತು ನಿನ್ನ ಕಂಕುಳಲ್ಲಿ ಒಂದು ಕೂಸಿತ್ತಂತೆ, ಕಬ್ಬಿನ ಹಾಲು ಕಂಡು ಕೈ ಚಾಚಿತ್ತಂತೆ. ಅಜ್ಜನ ಪುಸ್ತಕದಲ್ಲಿ ಆ ಕೂಸು ಇಲ್ಲ. ನೀನು ಫೋನ್ ಮಾಡಿದರೆ ನಿನ್ನ ಮಾತನ್ನು ಹೇಳುತ್ತೇನೆ. ಮಾಡದಿದ್ದರೆ ನನ್ನದನ್ನು ಹೇಳುತ್ತೇನೆ.