ತೊಳೆದು ತಂದ ಆಲೂಗಡ್ಡೆ

ಕಾರ್ಖಾನೆಯ ತೂಕದ ಕೋಣೆಯಿಂದ,
ಫೆಬ್ರವರಿ ೧೨, ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಕಿವಿ ಮಂದವಾಗಿದೆ. ತನಗೆ ಬೇಕಾದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತದೆ.

ಮುಚ್ಚಿಹೋಗಿದ್ದ ಸ್ಟಾರ್ಚ್ ಕಾರ್ಖಾನೆಯನ್ನು ಬೆಳೆಗಾರರೇ ಸೇರಿ ಗುತ್ತಿಗೆಗೆ ಹಿಡಿದೆವು ಎಂದು ಬರೆದಾಗ ನೀನು ನಕ್ಕಿರಬೇಕು. ಹೊಲದವರಿಗೆ ಯಂತ್ರದ ಉಸಾಬರಿ ಯಾಕೆ ಎಂದು ಇಲ್ಲೂ ಬಹಳ ಜನ ಮೂಗು ಮುರಿದರು. ನಗುವುದಕ್ಕೆ ಕಾರಣವನ್ನು ನಾವೇ ಕೊಟ್ಟೆವು ಅನ್ನು. ಹಳೆಯ ಮಾಲೀಕರ ಕಾಲದಲ್ಲಿ ಮಣ್ಣಿನ ಸಮೇತ ಆಲೂಗಡ್ಡೆ ಸುರಿದು ಹೋಗುತ್ತಿದ್ದವರು, ಈ ಸಲ ನಮ್ಮದೇ ಕಾರ್ಖಾನೆ ಎಂಬ ಅಭಿಮಾನಕ್ಕೆ ಮನೆಮನೆಯಲ್ಲೂ ಉಜ್ಜಿ ತೊಳೆದು ತಂದರು. ನಾನೂ ತೊಳೆದೆ. ಅಂದೇ ಅರೆದುಬಿಡುತ್ತೇವಲ್ಲ ಎಂಬ ಧೈರ್ಯ. ರಾಶಿ ಅಂಗಡಿಯ ಸೇಬಿನ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಬಾಯ್ಲರ್ ಪೈಪು ಸೋರಿ ಕೆಲಸ ದಿನಗಟ್ಟಲೆ ನಿಂತಿತು. ಒದ್ದೆ ಆಲೂಗಡ್ಡೆ ಒಳಗೊಳಗೇ ಕೊಳೆತು ಗೇಟಿನಾಚೆಗೂ ನಾತ ಹಬ್ಬಿತು. ಎಲ್ಲವನ್ನೂ ಗೊಬ್ಬರದ ಗುಂಡಿಗೆ ಸುರಿದೆವು.

ಬೆಳೆಗಾರರ ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೈಬಿಡೋಣ ಎಂಬ ಮಾತೂ ಬಂತು. ನನಗೆ ಸಿಟ್ಟು ನೆತ್ತಿಗೇರಿತು. "ಕೊಳೆತಿದ್ದು ಆಲೂಗಡ್ಡೆ, ನಾವಲ್ಲ. ಮಣ್ಣು ಹಾಗೇ ಇರ್ಲಿ, ಇನ್ನೊಂದ್ಸಲ ತಗೊಂಡ್ ಬನ್ನಿ" ಅಂದೆ. ಗೊಣಗಿಕೊಂಡೇ ತಂದರು. ನಿನಗೆ ಕೆಲಸ ಕಲಿಸಿದ ಬಾಯ್ಲರ್ ತಾತನೇ ಬಂದು, ಪೈಪು ಬದಲಾಯಿಸಿ ಬೆಂಕಿ ಹಾಕಿದರು. ನಿನ್ನೆ ಮೊದಲ ಮೂಟೆ ಹೊರಬಂತು. ಆ ಬಿಳಿ ಪುಡಿ ಕೈಗೆ ಮೆತ್ತಿದಾಗ ಅಳು ಬಂತು, ನಿನ್ನ ಹತ್ತಿರ ಮುಚ್ಚಿಡುವುದೇನು. ಇನ್ನು ಈ ಕಾರ್ಖಾನೆ ನಿಲ್ಲುವುದಕ್ಕೆ ನಾನು ಬಿಡುವುದಿಲ್ಲ.

ಅಮ್ಮನ ಆಶೀರ್ವಾದ ನಿನಗೆ. ಸೊಂಟಕ್ಕೆ ಬಿಸಿನೀರು ಹಾಕಿಕೋ, ಸೋಮಾರಿತನ ಮಾಡಬೇಡ.

ಇಂತಿ,
ನಿನ್ನ ಅಕ್ಕ

ಬರೆಯಲು ಮರೆತೆ: ಕಾರ್ಖಾನೆ ಮುಚ್ಚಿದ ದಿನ "ಈ ಬಾಯ್ಲರ್ ಇನ್ನೊಂದ್ಸಲ ಹೊತ್ತಿದ್ರೆ ನನ್ನ ಹೆಸರು ಬದಲಾಯಿಸಿ" ಎಂದು ಗೇಟಿನಲ್ಲಿ ಕೂಗಿ ಊರು ಬಿಟ್ಟವನು ನೀನು. ಹೆಸರು ಹಾಗೇ ಇರಲಿ, ನೀನು ಬಾ. ತಾತನಿಗೆ ಕಣ್ಣು ಮಂಜು. ಹಬೆಯ ಒತ್ತಡ ತೋರಿಸುವ ಮುಳ್ಳು ಎಲ್ಲಿದೆ ಎಂದು ನಾನು ಪಕ್ಕದಲ್ಲಿ ನಿಂತು ಹೇಳುತ್ತಿದ್ದೇನೆ. ಬೆಳಗ್ಗೆ ನೀನು ಎಳೆಯುತ್ತಿದ್ದ ಸೈರನ್ನಿನ ಸರಪಳಿಯನ್ನು ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಅಮ್ಮ ದಿನಾ ಬಾಗಿಲಲ್ಲಿ ಕೂತು ಆ ಮಂದ ಕಿವಿಯನ್ನು ಕಾರ್ಖಾನೆಯ ಕಡೆಗೆ ತಿರುಗಿಸಿಕೊಂಡಿರುತ್ತಾಳೆ. ಕೇಳಿದರೆ, "ಇನ್ನೂ ಕೂಗ್ಲಿಲ್ಲ, ಅಂದ್ರೆ ಅವನು ಇನ್ನೂ ಬಂದಿಲ್ಲ" ಅನ್ನುತ್ತಾಳೆ.