ಹೊರಡುವ ಮೊದಲೇ ಮನೆ ಮುಟ್ಟಿದವರು

ರೋಗಿಗಳ ಉಚಿತ ಸಾರಿಗೆ ವಿಭಾಗದ ಮುಖ್ಯಾಧಿಕಾರಿಗಳೇ,

ಮನೆ ಬಿಡುವ ಮೊದಲೇ ಮನೆಗೆ ವಾಪಸಾಗುವ ರೋಗಿಗಳು ಎಲ್ಲಾದರೂ ಇದ್ದರೆ ಅದು ನಿಮ್ಮ ಕಡತದಲ್ಲಿ ಮಾತ್ರ. ಇದನ್ನು ಒಪ್ಪದ ತಪ್ಪಿಗೆ, ಸ್ವಯಂಸೇವಕ ಚಾಲಕನಾದ ನನ್ನನ್ನು ಎರಡೇ ವಾರಕ್ಕೆ ಕೆಲಸದಿಂದ ದೂರವಿಟ್ಟಿದ್ದೀರಿ. 'ನಡವಳಿಕೆ ಪರಿಶೀಲನೆಯಲ್ಲಿದೆ' ಎಂದು ಪತ್ರ ಕಳಿಸಿದ್ದೀರಿ. ಯಾರ ನಡವಳಿಕೆ, ಸ್ವಾಮಿ?

ನಾನು ಮೂವತ್ತು ವರ್ಷ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೆ ನಿಮ್ಮ ಬಾಗಿಲಿಗೆ ಬಂದದ್ದು ಪುಣ್ಯ ಕಟ್ಟಿಕೊಳ್ಳಲಲ್ಲ, ಒಂದು ಅನುಮಾನ ಬಗೆಹರಿಸಿಕೊಳ್ಳಲು. ನಮ್ಮಕ್ಕ ಕಾಲು ಮುರಿದುಕೊಂಡಿದ್ದಾಗ ನಿಮ್ಮ ಕಾರಿನಲ್ಲೇ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಒಂದು ದಿನ ಮಧ್ಯಾಹ್ನ ಎರಡಕ್ಕೆ ಬರಬೇಕಾದವಳು ಐದಾದರೂ ಬರಲಿಲ್ಲ. ಫೋನ್ ಮಾಡಿದರೆ ನಿಮ್ಮ ಕಚೇರಿಯವರು, "ಮನೆ ತಲುಪಿದಾರೆ ಸಾರ್, ಸಹಿ ಇದೆ," ಅಂದರು. "ಅದೇ ಮನೇಲಿ ನಿಂತ್ಕೊಂಡು ಮಾತಾಡ್ತಿದೀನಿ, ಅವಳಿಲ್ಲ," ಅಂದೆ. "ಸಹಿ ಇದೆಯಲ್ಲ ಸಾರ್!" ಅಂದರು. ನಾನೇ ಆಸ್ಪತ್ರೆಗೆ ಓಡಿದೆ. ಅಕ್ಕ ಅಲ್ಲಿ ಹಿಂಬಾಗಿಲ ಬೆಂಚಿನ ಮೇಲೆ ಊರುಗೋಲು ತಬ್ಬಿಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ಅತ್ತುಬಿಟ್ಟಳು. "ಕನ್ನಡಕ ಬ್ಯಾಗಲ್ಲಿತ್ತು ಕಣೋ, ಬೆಳಿಗ್ಗೆ ಡ್ರೈವರು ತೋರಿಸಿದ ಕಡೆ ಸಹಿ ಹಾಕ್ದೆ," ಅಂದಳು. ಅಂದಿನಿಂದ ಆ ಸಹಿ ನನ್ನ ತಲೆ ಕೊರೆಯುತ್ತಿತ್ತು.

ಉತ್ತರ ನಿಮ್ಮ ತರಬೇತಿಯಲ್ಲಿ ಸಿಕ್ಕಿತು. ಗಾಲಿಕುರ್ಚಿ ಮಡಿಸುವುದು, ರೋಗಿಯನ್ನು ನೋವಾಗದಂತೆ ಇಳಿಸುವುದು, ಎಲ್ಲವನ್ನೂ ಚೆನ್ನಾಗಿಯೇ ಕಲಿಸಿದಿರಿ. ಕೊನೆಗೆ ತರಬೇತುದಾರರು ದನಿ ತಗ್ಗಿಸಿ, "'ಹತ್ತಿದರು', 'ಮನೆ ತಲುಪಿದರು' ಎರಡಕ್ಕೂ ಬೆಳಿಗ್ಗೇನೇ ಸಹಿ ತಗೊಂಡ್ಬಿಡಿ. ವಾಪಸ್ ಬರೋವಾಗ ಸುಸ್ತಾಗಿರ್ತಾರೆ, ಪಾಪ," ಎಂದರು. ಎಂಥ ಕರುಣೆ! ಈ ಕರುಣೆಯ ಬಲದಿಂದಲೇ ಅಲ್ಲವೇ ನಿಮ್ಮ ಗೋಡೆಯ ಮೇಲೆ 'ಎಲ್ಲ ರೋಗಿಗಳೂ ಸಮಯಕ್ಕೆ ಸರಿಯಾಗಿ ಮನೆಗೆ' ಎಂಬ ಫಲಕ ತೂಗುತ್ತಿರುವುದು? ವಾಪಸ್ ಕರೆತರಲು ನಿಮ್ಮಲ್ಲಿ ಸಾಕಷ್ಟು ಚಾಲಕರಿಲ್ಲ ಎಂಬ ಸಂಗತಿ ಇದುವರೆಗೆ ಯಾರ ಕಿವಿಗೂ ಬೀಳದಿರುವುದು ಬರೀ ಆಕಸ್ಮಿಕವೇ?

ನನಗೆ ಒಪ್ಪಿಸಿದ್ದು ಡಯಾಲಿಸಿಸ್‌ಗೆ ಹೋಗುವ ಒಬ್ಬ ಟೈಲರಮ್ಮನನ್ನು. ಮೊದಲ ದಿನ ಸಹಿಯ ಹಾಳೆ ನೋಡಿ ಅವರು ನಕ್ಕರು: "ಇನ್ನೂ ಚಪ್ಪಲೀನೇ ಮೆಟ್ಟಿಲ್ಲ ಕಣಪ್ಪ, ಆಗ್ಲೇ ವಾಪಸ್ ಬಂದ್ಬಿಟ್ನಾ?" ನಾನು 'ಮನೆ ತಲುಪಿದರು' ಎಂಬ ಎರಡನೇ ಚೌಕ ಖಾಲಿ ಬಿಟ್ಟೆ. ಸಂಜೆ ಅವರ ಹೊಸ್ತಿಲಲ್ಲಿ ನಿಂತು ಸಹಿ ಪಡೆದೆ. ನಾಲ್ಕು ಸಲ ಹೀಗೆ ಮಾಡಿದ್ದಕ್ಕೆ ನಿಮ್ಮ ಪತ್ರ ಬಂತು. ಈಗ ಅವರನ್ನು ಬೇರೆ ಕಾರಿಗೆ ಹಾಕಿದ್ದೀರಂತೆ, ಎರಡೂ ಸಹಿ ಬೆಳಿಗ್ಗೆಯೇ ಆಗುತ್ತಿದೆಯಂತೆ. ಅವರದು ಒಂಟಿ ಜೀವ. ಬರಲಿಲ್ಲವೆಂದು ಫೋನ್ ಮಾಡಲು ಮನೆಯಲ್ಲಿ ಒಬ್ಬ ತಮ್ಮನೂ ಇಲ್ಲ. ನನಗೆ ಭಯವಾಗುತ್ತಿದೆ.

ನನ್ನನ್ನು ವಾಪಸ್ ಕರೆಯಿರಿ ಎಂದು ಕೇಳುತ್ತಿಲ್ಲ. 'ಮನೆ ತಲುಪಿದರು' ಎಂಬ ಸಹಿಯನ್ನು ಮನೆ ತಲುಪಿದ ಮೇಲೆ ಪಡೆಯಬೇಕೆಂದು ಆದೇಶ ಹೊರಡಿಸಿ, ಅಷ್ಟೆ. ಆಗುವುದಿಲ್ಲ ಎಂದಾದರೆ ಇನ್ನೊಂದು ಕೆಲಸ ಮಾಡಿ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಟೈಲರಮ್ಮ ಹೊರಡುತ್ತಾರೆ. ಎಂಟೂವರೆಗೆ ನೀವೇ ಹೋಗಿ ಅವರ ಬಾಗಿಲು ತಟ್ಟಿ. ನಿಮ್ಮ ಕಡತದ ಪ್ರಕಾರ ಅವರು ಒಳಗೇ ಇರುತ್ತಾರೆ. ಬಾಗಿಲು ತೆಗೆಯುವವರೆಗೂ ಕಾಯಿರಿ, ನಮ್ಮಕ್ಕ ಕಾದ ಹಾಗೆ.

ಇಂತಿ,
ಎರಡನೇ ಚೌಕ ಖಾಲಿ ಬಿಟ್ಟು, ಸದ್ಯ ತಾನೂ ಖಾಲಿ ಕೂತಿರುವ ಚಾಲಕ