ಬೇಲಿ ದಾಟುವ ವಿದ್ಯೆ

ತಂಬೂರ, ತಾ. ಕಲಘಟಗಿ
17 ಡಿಸೆಂಬರ್ 2025, ಬುಧವಾರ

ಪ್ರೀತಿಯ ಅವ್ವಾ,

ನಮ್ಮ ಕಬ್ಬಿನ ಹೊಲದ ಬೇಲಿಗೆ ಅಪ್ಪ ರಾತ್ರಿ ಹೊತ್ತು ಕರೆಂಟ್ ಬಿಡುತ್ತಿದ್ದಾನೆ. ಇದು ತಪ್ಪು ಮಾತ್ರವಲ್ಲ, ಅಪರಾಧ. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ; ಕ್ಷೇಮ ಕೇಳುತ್ತ ಕೂತರೆ ಧೈರ್ಯ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಈಗ ಹೇಳು, ಹೇಗಿದ್ದೀ? ಯಮನೂರಿಗೆ ಹೋದ ಮೇಲೆ ಮೊಣಕಾಲು ನೋವು ಇಳಿಯಿತೋ, ಕೂಸಿಗೆ ನೀರೆರೆದು ಏರಿತೋ? ಸೌಂದರ್ಯಕ್ಕ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆಯೇ? ಎರಡನೆಯ ಬಾಣಂತನ ಎಂದು ಅಲಕ್ಷ್ಯ ಮಾಡಬೇಡ ಎಂದು ಹೇಳು. ಇದನ್ನೆಲ್ಲ ಫೋನಿನಲ್ಲಿ ಮಾತಾಡಬಹುದಿತ್ತು, ಆದರೆ ನೀನು ಸ್ಪೀಕರ್ ಹಾಕುತ್ತೀ, ಭಾವನ ಮನೆಯ ಮಂದಿಯೆಲ್ಲ ಸುತ್ತ ಕೂತಿರುತ್ತಾರೆ. ನಮ್ಮ ಓಣಿಯ ಬಾಷಾಬಿ ನಾಳೆ ಅಲ್ಲಿಯ ದರ್ಗಾಕ್ಕೆ ಬರುತ್ತಾಳೆ, ಈ ಪತ್ರ ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಒಬ್ಬಳೇ ಕೂತು ಓದು.

ನನಗೆ ಗೊತ್ತಾದದ್ದು ನಮ್ಮ ಆಟದಲ್ಲಿ. ನೀನು 'ದಾಳ ಹಾಕಿ ಸುಳ್ಳ ಹೇಳೂ ಆಟ' ಅನ್ನುತ್ತೀಯಲ್ಲ, ಅದೇ. ಗ್ರಂಥಾಲಯದ ಕಟ್ಟೆಯ ಮೇಲೆ ನಾನು ಕಥೆ ನಡೆಸುತ್ತೇನೆ. ನನ್ನ ತಮ್ಮ ಪ್ರಭು, ಕುರಿ ಕಾಯುವ ಬೀರಲಿಂಗ, ಅವನ ತಂಗಿ ರೇಷ್ಮಾ ಒಂದೊಂದು ಪಾತ್ರವಾಗುತ್ತಾರೆ. ಆಟದ ಮೂಲ ಪುಸ್ತಕದಲ್ಲಿ, ಇಂಥ ಕುಲದಲ್ಲಿ ಹುಟ್ಟಿದವನಿಗೆ ಇಂಥ ವಿದ್ಯೆ ತಾನಾಗಿ ಬರುತ್ತದೆ ಎಂದು ಬರೆದಿತ್ತು. ಓದಿ ಮೈ ಉರಿಯಿತು. ಧಾರವಾಡದ ಸಭೆಗಳಿಂದ ತಂದ ನನ್ನ ಕಿರುಹೊತ್ತಿಗೆಗಳು ಕಲಿಸಿದ್ದೇ ಇದರ ವಿರುದ್ಧ. ಆ ಹಾಳೆ ಹರಿದು ಹಾಕಿ ನನ್ನದೇ ಕಟ್ಟಳೆ ಮಾಡಿದೆ: ಹುಟ್ಟಿನಿಂದ ಯಾರಿಗೂ ಯಾವ ವಿದ್ಯೆಯೂ ಇಲ್ಲ. ನಿನ್ನ ಪಾತ್ರಕ್ಕೆ ಈಜು ಬರುತ್ತದೆ ಎಂದರೆ ಯಾರು ಕಲಿಸಿದರು, ಕಲಿಯುವಾಗ ಏನು ಕಳೆದುಕೊಂಡೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮಾತ್ರ ದಾಳ ಕೈಗೆ. ಇನ್ನೊಂದು ಕಟ್ಟಳೆ, ಕಟ್ಟೆಯ ಮೇಲಿನ ಮಾತು ಕಟ್ಟೆ ಇಳಿಯಬಾರದು. ರೇಷ್ಮಾಳಂಥವರು ಅಂಜದೆ ಬಾಯಿ ತೆರೆಯಲಿ ಎಂದು ಅದು.

ನಿನ್ನೆ ಸಂಜೆ ಎಲ್ಲರೂ ರಾಜನ ತೋಟಕ್ಕೆ ನುಗ್ಗಬೇಕಿತ್ತು. ಸುತ್ತ ಮಂತ್ರ ಹಾಕಿದ ಬೇಲಿ, ಮುಟ್ಟಿದವರು ಸಾಯುತ್ತಾರೆ. ಪ್ರಭು ಎದೆಯುಬ್ಬಿಸಿ, "ನಾ ದಾಟಸ್ತೀನಿ. ಬೇಲಿಗೆ ಯಾವಾಗ ಜೀವ ಇರತೈತಿ, ಯಾವಾಗ ಇರಂಗಿಲ್ಲ, ನನಗ ಗೊತ್ತೈತಿ" ಅಂದ. ಯಾರು ಕಲಿಸಿದರು ಎಂದೆ. "ನಮ್ಮಪ್ಪ. ಕತ್ತಲಾದ ಮ್ಯಾಲ ತಂತಿ ಸಿಗಸೂದು, ಕೋಳಿ ಕೂಗೂದರಾಗ ತಗಿಯೂದು." ರೇಷ್ಮಾ ಬಿದ್ದು ಬಿದ್ದು ನಕ್ಕಳು, "ರಾಜನ ಕಾಲದಾಗ ಕರೆಂಟ್ ಎಲ್ಲೀದಲೇ?" ನನಗೂ ನಗು ಬಂತು. ನಗುತ್ತಲೇ, ಏನು ಕಳೆದುಕೊಂಡೆ ಎಂದು ಕೇಳಿದೆ. ಆಟದ ಹುರುಪಿನಲ್ಲಿದ್ದ, ಹೇಳಿಬಿಟ್ಟ. "ಒಂದು ನಾಯಿ ಸತ್ತಿತ್ತು. ಕೆಂದ ನಾಯಿ, ಕೊಳ್ಳಾಗ ಗಂಟಿ ಇತ್ತು. ಅಪ್ಪ, ನಾ ಕೂಡಿ ಬಾವಿ ಬಾಜೂ ಹುಗದ್ವಿ."

ಅವ್ವಾ, ದೀಪಾವಳಿಯಿಂದ ಬೀರಲಿಂಗ ಕೊರಳಿಗೆ ಗಂಟೆ ಕಟ್ಟಿದ ತನ್ನ ಕೆಂಪು ನಾಯಿಯನ್ನು ಹುಡುಕುತ್ತಿದ್ದಾನೆ. ನಮ್ಮ ಬಾಗಿಲಿಗೂ ಬಂದು ಕೇಳಿದ್ದ, ನೀನೇ ಅವನಿಗೆ ಚಹಾ ಕೊಟ್ಟಿದ್ದೆ. ಪ್ರಭುವಿನ ಮಾತು ಕೇಳಿ ಬೀರಲಿಂಗ ದಾಳವನ್ನು ಮೆಲ್ಲಗೆ ಕೆಳಗಿಟ್ಟ. ಎದ್ದು ತಂಗಿಯನ್ನು ಕರೆದುಕೊಂಡು ಹೋದ.

ಬೆಳಿಗ್ಗೆ ಅಪ್ಪನನ್ನು ಕೇಳಿದೆ. ಅಲ್ಲಗಳೆಯಲೂ ಇಲ್ಲ. "ಹಂದಿ ನಿನ್ನ ಚೀಟಿ ಪುಸ್ತಕ ತಿನ್ನಾಕ ಬರಂಗಿಲ್ಲಬೇ, ಕಬ್ಬ ತಿನ್ನಾಕ ಬರ್ತಾವು. ಅಡವಿ ಅಂಚಿನಾಗ ಎಲ್ಲಾರೂ ಹಿಂಗ ಮಾಡೂದು" ಅಂದ. ಪ್ರಭು ನನ್ನೊಡನೆ ಮಾತು ಬಿಟ್ಟಿದ್ದಾನೆ. ನನ್ನ ಕಟ್ಟಳೆಯನ್ನು ನಾನೇ ಮುರಿದೆನಂತೆ. ಮುರಿದೆ, ಹೌದು. ಸಭೆಗಳಲ್ಲಿ ಊರಿಗೆಲ್ಲ ಕೂಗಿ ಹೇಳುವವಳು ನಾನು, ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನ ಮುಖ ನೋಡದೆ ಕಂಬ ನೋಡುತ್ತ ಮಾತಾಡಿದೆ.

ಬಾಜುವಿನ ಹೊಲದಲ್ಲಿ ಭತ್ತ ಕೊಯ್ದಾಗಿದೆ. ಗೊಬ್ಬರಕ್ಕೆಂದು ಅಲ್ಲಿ ಕುರಿ ನಿಲ್ಲಿಸಲು ಶನಿವಾರ ಸಂಜೆ ಬೀರಲಿಂಗನ ಮನೆಯವರು ಬರುತ್ತಾರೆ. ರಾತ್ರಿ ಅಲ್ಲೇ ಮಲಗುತ್ತಾರೆ. ನಮ್ಮ ಬೇಲಿಗೂ ಅವರ ಹಾಸಿಗೆಗೂ ನಡುವೆ ಒಂದು ಬದು ಮಾತ್ರ. ಮರಿಯೊಂದು ತಪ್ಪಿಸಿಕೊಂಡರೆ ರೇಷ್ಮಾ ಕತ್ತಲಲ್ಲಿ ಅದರ ಹಿಂದೆ ಓಡುತ್ತಾಳೆ, ಅದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಬೀರಲಿಂಗನಿಗೆ ಇದು ಆಟವಲ್ಲ ಎಂದು ಇವತ್ತೇ ಹೇಳುತ್ತೇನೆ. ಹೇಳಿದ ಮೇಲೆ ಊರಲ್ಲಿ ಏನಾಗುತ್ತದೋ, ಅಪ್ಪನಿಗೆ ಏನಾಗುತ್ತದೋ, ಅಂಜಿಕೆ ಇದೆ. ಹೇಳದಿದ್ದರೆ ಆಗುವುದರ ಅಂಜಿಕೆ ಅದಕ್ಕಿಂತ ದೊಡ್ಡದು.

ಅಕ್ಕನ ಕೂಸಿನ ಹಣೆಗೆ ನನ್ನದೊಂದು ಮುತ್ತು ಕೊಡು. ನೀನು ಹೊತ್ತಿಗೆ ಮಾತ್ರೆ ತಗೋ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ, ಇವತ್ತು ಅದು ಬೇಕಾಗಿದೆ.

ನಿನ್ನ
ಅಮೃತಾ

ತಾ.ಕ. ಪತ್ರ ಮಡಚುವಾಗ ಬೀರಲಿಂಗನೇ ಬಾಗಿಲಿಗೆ ಬಂದ. ನಾನು ಎಲ್ಲ ಹೇಳಿದೆ. ಅವನು ಬೈಯಲಿಲ್ಲ. "ಅಮೃತಕ್ಕಾ, ನಮ್ಮ ನಾಯಿ ಎಲ್ಲಿ ಹುಗದೀರಿ, ಅಷ್ಟ ತೋರಸ್ರಿ" ಅಂದ. ಬಾವಿಯ ಬಾಜು ತೋರಿಸಿ ಬಂದೆ. ಅವರು ಶನಿವಾರ ಬರುವುದಿಲ್ಲವಂತೆ. ಆದರೆ ಆ ಬದುವಿನ ಮೇಲೆ ಹಾಯುವವರು ಅವರೊಬ್ಬರೇ ಅಲ್ಲ. ಅವ್ವಾ, ಹೊಲ ನಿನ್ನ ತವರಿನದು, ಅಪ್ಪ ಬೇಲಿಗೆ ತಂತಿ ಎಳೆಯುವ ಪಂಪ್‌ಸೆಟ್ಟಿನ ಕನೆಕ್ಷನ್ ಇರುವುದು ನಿನ್ನ ಹೆಸರಿನಲ್ಲಿ. ಯಾರಾದರೂ ಸತ್ತರೆ ಪೊಲೀಸರು ಮೊದಲು ಕೂಗುವ ಹೆಸರು ನಿನ್ನದು. ಕರೆಂಟ್ ಕಡಿಸಲು ಬೇಕಾದ ಸಹಿಯೂ ನಿನ್ನದೇ. ಆಧಾರ್ ಕಾರ್ಡ್ ಹಿಡಿದುಕೊಂಡು ಬಾ. ನೀನು ಬರದಿದ್ದರೆ ನಾನೊಬ್ಬಳೇ ಕರೆಂಟಿನವರ ಆಫೀಸಿಗೆ ಹೋಗಿ ಅಪ್ಪನ ಹೆಸರು ಹೇಳಬೇಕಾಗುತ್ತದೆ. ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಲಘಟಗಿ ಬಸ್ ನಿಲ್ದಾಣದಲ್ಲಿ, ಹುಬ್ಬಳ್ಳಿ ಬಸ್ ನಿಲ್ಲುವಲ್ಲಿ, ನಿಂತಿರುತ್ತೇನೆ.